ಮೀಸಿನೆಲ್ಲು ಯಾರದು?

ಸುವರ್ಣಮ್ಮನ ಮನೆಗೆ ಬಿತ್ತನೆ ಬೀಜ ಕೇಳಿಕೊಂಡು ಬಂದವರು ಬರಿಗೈಲಿ ವಾಪಸು ಹೋದದ್ದು ಅವತ್ತೇ ಮೊದಲು. ಹಾಗೆ ಹೋದವನು ದೂರದವನಲ್ಲ, ಪಕ್ಕದ ಮನೆಯ ಪೀರಸಾಬ್. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು ಬರುತ್ತದೆ.

ಸಿರುಗುಪ್ಪದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ತಗ್ಗಿನಹಾಳು. ಹೆಸರಿಗೆ ತಕ್ಕಂತೆ ತಗ್ಗಿನ ಊರು. ಕಾಲುವೆಗೆ ನೀರು ಬಿಡುವ ಸುದ್ದಿ ಬಂದ ಕೂಡಲೇ ಅಲ್ಲಿ ಸಸಿಮಡಿ ಮಾಡುವ ಗಡಿಬಿಡಿ ಶುರುವಾಗುತ್ತದೆ. ಆ ಹೊತ್ತಿಗೆ ಪೀರಸಾಬ್ ಒಂದು ಬುಟ್ಟಿ ಹಿಡಿದುಕೊಂಡು ಸುವರ್ಣಮ್ಮನ ಕಟ್ಟೆಯ ಮೇಲೆ ಬಂದು ಕೂರುವುದು ಮೂವತ್ತು ವರ್ಷದ ರೂಢಿ. ಅವನ ಮನೆಯಲ್ಲೂ ಭತ್ತ ಇರುತ್ತದೆ. ಆದರೂ ಸುವರ್ಣಮ್ಮ ಕೈಯಾರೆ ತೆನೆ ಆರಿಸಿ ತೆಗೆದಿಟ್ಟ ಬೀಜವೇ ಅವನಿಗೆ ಬೇಕು. ಚಹಾ ಕುಡಿಯುತ್ತಾನೆ, ಮಳೆಯ ಸುದ್ದಿ ಮಾತಾಡುತ್ತಾನೆ, ಬೀಜ ತೆಗೆದುಕೊಂಡು ಹೋಗುತ್ತಾನೆ. ಸುಗ್ಗಿಯಾದ ಮೇಲೆ ಸೇರಿಗೆ ಒಂದೂಕಾಲು ಸೇರಿನಂತೆ ತಂದು ಸುರಿಯುತ್ತಾನೆ.

ಅವತ್ತು ಸುವರ್ಣಮ್ಮ ಚಹಾ ಇಡಲಿಲ್ಲ. ಬಾಗಿಲ ಒಳಗೇ ನಿಂತು, ನೆಲ ನೋಡುತ್ತಾ ಹೇಳಿದಳು.

"ಈ ಸಲ ಬೀಜ ಇಲ್ಲ, ಪೀರಣ್ಣ."

ಯಾಕೆ ಹೀಗೆ ಅನ್ನುತ್ತಾಳೆ ಅಂತ ಪೀರಸಾಬ್‌ಗೆ ಅರ್ಥವಾಗಲಿಲ್ಲ. ಬೀಜ ತುಂಬಿದ ಬಿದಿರಿನ ಗುಮ್ಮಿಯ ಬಾಯಿಗೆ ಸಗಣಿ ಮೆತ್ತಿ ಮುಚ್ಚುವಾಗ ಅವನೇ ಏಣಿ ಹಿಡಿದು ನಿಂತಿದ್ದ. ಆದರೂ ಏನೂ ಕೇಳಲಿಲ್ಲ. "ಇರ್ಲಿ ಬಿಡವಾ ತಂಗಿ" ಅಂದು ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದ. ಆ ಮಧ್ಯಾಹ್ನ ಸುವರ್ಣಮ್ಮನಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತಳು, ಎದ್ದಳು.

ಆಕೆ ಸುಳ್ಳು ಹೇಳಿದ್ದು ಹೆದರಿಕೆಯಿಂದ. ಆ ಹೆದರಿಕೆ ಎಲ್ಲಿಂದ ಬಂತು ಅನ್ನುವುದಕ್ಕೆ ಮೊದಲು ಆ ಬೀಜದ ವಿಷಯ ಹೇಳಬೇಕು.

ತಗ್ಗಿನಹಾಳಿನದು ಸವಳು ನೆಲ. ಬೇಸಿಗೆಯಲ್ಲಿ ನೋಡಿದರೆ ಹೊಲದ ಮೇಲೆ ಯಾರೋ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಬೇರೆ ಭತ್ತ ಅಲ್ಲಿ ಮೊಣಕಾಲುದ್ದ ಬರುವಷ್ಟರಲ್ಲಿ ಹಳದಿ ತಿರುಗಿ ಸುಟ್ಟುಹೋಗುತ್ತದೆ. ಒಂದೇ ಒಂದು ತಳಿ ಮಾತ್ರ ಆ ಉಪ್ಪನ್ನೇ ಉಂಡು ಬೆಳೆಯುತ್ತದೆ. ಅದರ ಕಾಳಿನ ತುದಿಗೆ ಬೆರಳುದ್ದದ ಕೆಂಪು ಮೀಸೆ. ಅದಕ್ಕೇ ಊರವರು ಅದನ್ನು ಮೀಸಿನೆಲ್ಲು ಅನ್ನುತ್ತಾರೆ. ಭತ್ತಕ್ಕೆ ನೆಲ್ಲು ಅನ್ನುವುದು ಆ ಕಡೆಯ ಮಾತು. ಗದ್ದೆ ತೆನೆಗಟ್ಟಿ ನಿಂತಾಗ ಸಾವಿರಾರು ಮೀಸೆಯ ಮಾವಂದಿರು ಸಾಲಾಗಿ ನಿಂತು ಗಾಳಿಗೆ ತಲೆದೂಗಿದ ಹಾಗೆ ಇರುತ್ತದೆ. ಅಕ್ಕಿ ಸ್ವಲ್ಪ ಕೆಂಪು, ಗಂಜಿ ರುಚಿ. ಊರಿನಲ್ಲಿ ಬಾಣಂತಿಯರಿಗೆ ಮೊದಲ ತುತ್ತು ಇದೇ ಅಕ್ಕಿಯದು.

ಈ ಬೀಜವನ್ನು ಊರಿಗೆ ತಂದವಳು ಸುವರ್ಣಮ್ಮನ ಅತ್ತೆ ಎರ್ರಮ್ಮ. ಮದುವೆಯಾಗಿ ಮೋಕದಿಂದ ಬರುವಾಗ ತವರಿನವರು ಉಡಿ ತುಂಬಿದ್ದ ಭತ್ತವನ್ನು ಆಕೆ ಸವಳು ಹೊಲದ ಮೂಲೆಗೆ ಚೆಲ್ಲಿದ್ದಳಂತೆ. ಬದುಕಿದ ಹತ್ತಾರು ಗಿಡಗಳಲ್ಲಿ ಗಟ್ಟಿಯಾದ ತೆನೆಗಳನ್ನಷ್ಟೇ ಆರಿಸಿ ಮರುವರ್ಷ ಬಿತ್ತಿದಳು. ಹೀಗೆ ಮೂವತ್ತು ವರ್ಷ. ಎರ್ರಮ್ಮ ತೀರಿಕೊಂಡ ಮೇಲೆ ಆ ಕೆಲಸ ಸೊಸೆಯ ಕೈಗೆ ಬಂತು. ಕೊಯ್ಲಿನ ಮುಂಚೆ ಸುವರ್ಣಮ್ಮ ಒಬ್ಬಳೇ ಗದ್ದೆಗೆ ಇಳಿದು, ಒಂದೊಂದೇ ತೆನೆ ಮುಟ್ಟಿ ನೋಡಿ ಆರಿಸುತ್ತಾಳೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಓದಲು ಬರುವುದು ಅಷ್ಟಕ್ಕಷ್ಟೇ, ಆದರೆ ತೆನೆ ಓದಲು ಬರುತ್ತದೆ.

ಎರಡು ವರ್ಷದ ಹಿಂದೆ ಬಳ್ಳಾರಿಯಿಂದ ಹಂಪೇಶ್ ಅನ್ನುವವನು ಬೈಕಿನಲ್ಲಿ ಬಂದಿದ್ದ. ಬ್ರೂಸ್‌ಪೇಟೆಯ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುರುಪಿನ ಮನುಷ್ಯ. ನೋಡಲಿಕ್ಕೆ ಅಂತ ಒಂದು ಚೀಲ ಮೀಸಿನೆಲ್ಲು ಕೇಳಿದ. ಸುವರ್ಣಮ್ಮ ಕೊಟ್ಟಳು, ಉಂಡು ಹೋಗು ಅಂತ ಎರಡು ರೊಟ್ಟಿಯನ್ನೂ ಹಾಕಿದಳು. ಆಮೇಲೆ ಅವನ ಸುದ್ದಿ ಇರಲಿಲ್ಲ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕುರುಗೋಡಿನಲ್ಲಿರುವ ಮಗಳು ರಶ್ಮಿ ಫೋನಿಗೆ ಒಂದು ಫೋಟೋ ಕಳಿಸಿದಳು. ಪೇಟೆಯಲ್ಲಿ ಬೀಜದ ಪಾಕೀಟು. ಮೇಲೆ ಹಸಿರು ಅಕ್ಷರದಲ್ಲಿ 'ಅರಗಿಣಿ-27, ಸವಳು ನೆಲಕ್ಕೆ ಹೊಸ ಸಂಶೋಧನೆ' ಅಂತ. ಪಾಕೀಟಿನ ಚಿತ್ರದಲ್ಲಿ ಕೆಂಪು ಮೀಸೆ ಎದ್ದು ಕಾಣುತ್ತಿತ್ತು. ನಮ್ಮ ಮೀಸೆಪ್ಪ ಪೇಟೆಗೆ ಹೋಗಿ ಹೆಸರು ಬದಲಾಯಿಸಿಕೊಂಡ ಅಂತ ಸುವರ್ಣಮ್ಮನ ಗಂಡ ಕೊಟ್ರಬಸಪ್ಪ ನಕ್ಕ. ಸುವರ್ಣಮ್ಮನೂ ನಕ್ಕಳು. ಒಳಗೆಲ್ಲೋ ಒಂದು ಮುಳ್ಳು ಆಡಿದ ಹಾಗೆ ಆಯಿತು, ಆದರೆ ಅದೇನು ಅಂತ ಹೇಳಲಿಕ್ಕೆ ಬರಲಿಲ್ಲ.

ಎಂಟು ದಿನಕ್ಕೆ ಹಂಪೇಶ್ ಮತ್ತೆ ಬಂದ. ಈ ಸಲ ಜೀಪಿನಲ್ಲಿ. ಪಂಚಾಯಿತಿ ಕಟ್ಟೆಯ ಹತ್ತಿರ ನಿಂತು ಕೂಡಿದವರಿಗೆಲ್ಲ ಒಂದೊಂದು ಕಾಗದ ಹಂಚಿದ. ಕೆಂಪು ಮೀಸೆಯ ಈ ತಳಿ ತಮ್ಮ ಅಂಗಡಿ ನಡೆಸುವ ಕಂಪನಿಯದು, ಇನ್ನು ಮೇಲೆ ಯಾರೂ ಇದರ ಬೀಜ ಇಟ್ಟುಕೊಳ್ಳಬಾರದು, ಒಬ್ಬರಿಗೊಬ್ಬರು ಕೊಡಬಾರದು, ಕೊಟ್ಟರೆ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಕೇಸು ಬೀಳುತ್ತದೆ, ಜೈಲೂ ಆಗಬಹುದು ಅಂತ ಅದರ ತಾತ್ಪರ್ಯ. ಸುವರ್ಣಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಆಕೆಯ ಕಡೆ ನೋಡಲೇ ಇಲ್ಲ.

ಊರಿಗೆ ಊರೇ ತಣ್ಣಗಾಯಿತು. ಕೇಸು ಅಂದರೆ ಕೊಟ್ರಬಸಪ್ಪನಿಗೆ ಮೈ ಬೆವರುತ್ತದೆ. ಹರೆಯದಲ್ಲಿ ದಾಯಾದಿಯ ಜೊತೆ ಒಂದು ಬದುವಿನ ಜಗಳಕ್ಕೆ ಕೋರ್ಟಿಗೆ ಹೋಗಿ ಹನ್ನೊಂದು ವರ್ಷ ಅಲೆದಿದ್ದ. ಕೊನೆಗೆ ಆ ಜಗಳವನ್ನು ಕುರುಗೋಡಿನ ಬಸವಣ್ಣನ ಗುಡಿಯಲ್ಲಿ ಹಿರಿಯರು ಕೂತು ಒಂದೇ ಮಧ್ಯಾಹ್ನದಲ್ಲಿ ಬಗೆಹರಿಸಿದ್ದರು. ಅಂದಿನಿಂದ ಕಪ್ಪು ಕೋಟು ಕಂಡರೆ ಅವನು ರಸ್ತೆ ದಾಟುತ್ತಾನೆ. ಹಾಗಾಗಿ ಅವನು ಒಂದು ನಿರ್ಧಾರಕ್ಕೆ ಬಂದ. ಗುಮ್ಮಿಯಲ್ಲಿರುವ ಬೀಜವನ್ನೆಲ್ಲ ಸಿರುಗುಪ್ಪದ ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸಿಬಿಡುವುದು. ಬೀಜವೇ ಇಲ್ಲದಿದ್ದರೆ ಕೇಸು ಎಲ್ಲಿಂದ ಬರುತ್ತದೆ? ಶುಕ್ರವಾರಕ್ಕೆ ಟ್ರ್ಯಾಕ್ಟರ್ ಹೇಳಿಯೂ ಬಂದ.

ಬೀಜ ಒಂದು ಸಲ ಮಿಲ್ಲಿನ ಬಾಯಿಗೆ ಬಿದ್ದರೆ ಮುಗಿಯಿತು, ಅಕ್ಕಿಯನ್ನು ಬಿತ್ತಲಿಕ್ಕಾಗುವುದಿಲ್ಲ. ಅದು ಸುವರ್ಣಮ್ಮನಿಗೆ ಗೊತ್ತಿತ್ತು. ಆದರೆ ಗಂಡನಿಗೆ ಏನಂತ ಹೇಳುವುದು? ಆಕೆಗೂ ಹೆದರಿಕೆಯೇ. ಬೀಗರ ಊರಿಗೆ ಹೋಗಿ ಸೋಮವಾರ ರಾತ್ರಿಯಷ್ಟೇ ವಾಪಸಾಗಿದ್ದ ಪೀರಸಾಬ್‌ನ ಮನೆಯವರಿಗೆ ಕಾಗದದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆ ಹೆದರಿಕೆಯಲ್ಲೇ ಮಂಗಳವಾರ ಬೆಳಿಗ್ಗೆ ಅವನನ್ನು ಬರಿಗೈಲಿ ಕಳಿಸಿದ್ದು.

ಸಂಜೆ ಪೀರಸಾಬ್‌ನ ಸೊಸೆ ತಬಸ್ಸುಮ್ ಬಂದಳು. ಅವಳು ಆ ಊರಿನ ಕೃಷಿ ಸಖಿ. ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಬೀಜೋಪಚಾರ, ಮಣ್ಣು ಪರೀಕ್ಷೆ ಇಂಥದ್ದನ್ನೆಲ್ಲ ಕಲಿಸುವ ತರಬೇತಿ ಪಡೆದವಳು. ಮಾವ ಖಾಲಿ ಬುಟ್ಟಿ ಹಿಡಿದು ಬಂದದ್ದನ್ನು ನೋಡಿ, ಏನಾಯಿತು ಅಂತ ಕೇಳಲು ಬಂದಿದ್ದಳು. ಸುವರ್ಣಮ್ಮ ತಡೆಯಲಾರದೆ ಎಲ್ಲವನ್ನೂ ಹೇಳಿ, ಕಾಗದ ತಂದು ಕೊಟ್ಟಳು. ತಬಸ್ಸುಮ್ ಅದನ್ನು ಎರಡು ಸಲ ಓದಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ದೊಡ್ಡಮ್ಮ, ಇದರಾಗ ಸಹಿ ಇಲ್ಲ, ಸಿಕ್ಕಾ ಇಲ್ಲ. ತಳಿ ನೋಂದಣಿ ಆಗೈತಿ ಅಂದ್ರ ಒಂದು ನಂಬರ್ ಇರಬೇಕಲ್ಲ, ಅದೂ ಇಲ್ಲ. ಕಾನೂನಿನ ಹೆಸರು ಹೇಳಿ ಅಂಜಿಸ್ಯಾರ. ಆ ಕಾನೂನು ಏನು ಹೇಳತೈತಿ ಅಂತ ನಾವ ಯಾಕ ಕೇಳಬಾರದು?"

ಕೊಟ್ರಬಸಪ್ಪ ಕಟ್ಟೆಯ ಮೇಲಿಂದಲೇ ನಿಟ್ಟುಸಿರು ಬಿಟ್ಟ.

"ಕೇಳಾಕ ಹೋಗಬ್ಯಾಡ್ರವಾ. ಕಾನೂನು ಅನ್ನೋದು ದಿಲ್ಲಿಯಾಗ ಹುಟ್ಟಿ ದೊಡ್ಡೋರ ಮನಿಯಾಗ ಬೆಳೀತೈತಿ. ಕೋರ್ಟಿನ ಮೆಟ್ಟಲ ಹತ್ತಿದೋನು ಇಳಿಯೋದ್ರಾಗ ಮುದುಕ ಆಗಿರ್ತಾನ. ನನ್ನ ನೋಡ್ರಿ."

ತಬಸ್ಸುಮ್ ವಾದಕ್ಕೆ ಇಳಿಯಲಿಲ್ಲ. ದೊಡ್ಡಪ್ಪ, ಶುಕ್ರವಾರಕ್ಕೆ ಇನ್ನೂ ಎರಡು ದಿನ ಇದೆ, ಅಷ್ಟು ಟೈಮು ಕೊಡಿ ಅಂತ ಮಾತ್ರ ಕೇಳಿದಳು. ಕೊಟ್ರಬಸಪ್ಪನಿಗೆ ಅವಳೆಂದರೆ ಅಕ್ಕರೆ. ಎರಡು ದಿನದಲ್ಲಿ ಏನೂ ಆಗುವುದಿಲ್ಲ ಅನ್ನುವ ಧೈರ್ಯವೂ ಇತ್ತು. ಆಗಲಿ ಅಂದ.

ಬುಧವಾರ ಸುವರ್ಣಮ್ಮ, ತಬಸ್ಸುಮ್ ಇಬ್ಬರೂ ಒಂದು ಹಿಡಿ ತೆನೆ, ಒಂದು ಸೇರು ಭತ್ತ ಕಟ್ಟಿಕೊಂಡು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದರು. ಅಲ್ಲಿದ್ದ ವಿಜ್ಞಾನಿ ಮೇಡಂ ತೆನೆಯನ್ನು ಬೆಳಕಿಗೆ ಹಿಡಿದು ನೋಡಿ, ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ದಿನಕ್ಕೆ ಕೊಯ್ಲು, ಎಷ್ಟು ಎತ್ತರ ಬೆಳೆಯುತ್ತದೆ, ಬೀಜ ಆರಿಸುವುದು ಹೇಗೆ. ಆರಿಸುವ ರೀತಿಯನ್ನು ಸುವರ್ಣಮ್ಮ ಮೊದಮೊದಲು ಅಳುಕಿನಿಂದ ಹೇಳಿದಳು. ಆಮೇಲೆ ಅಳುಕು ಮರೆತಳು. ಒಂದೇ ಗಿಡದಲ್ಲಿ ಆರು ತೆನೆಗಿಂತ ಹೆಚ್ಚಿರಬೇಕು, ಬುಡ ಕೆಂಪಿರಬೇಕು, ಮೀಸೆ ನೆಟ್ಟಗಿರಬೇಕು, ಬೆಳ್ಳಗೆ ಉಪ್ಪೇರಿದ ಜಾಗದಲ್ಲಿ ನಿಂತ ಗಿಡವೇ ಆಗಿರಬೇಕು, ಸುಖದ ಜಾಗದಲ್ಲಿ ಬೆಳೆದ ಗಿಡ ಬೀಜಕ್ಕೆ ಬೇಡ ಅಂತ ಅತ್ತೆ ಹೇಳಿಕೊಟ್ಟಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಮೇಡಂ ಬರೆದುಕೊಳ್ಳುತ್ತಾ ಹೋದರು. ಕೊನೆಗೆ ಪೆನ್ನು ಕೆಳಗಿಟ್ಟರು.

"ಅಮ್ಮಾ, ನಾವು ಇಲ್ಲಿ ಮಾಡೋ ಕೆಲಸವೂ ಇದೇ. ಇದಕ್ಕೆ ತಳಿ ಅಭಿವೃದ್ಧಿ ಅಂತಾರೆ. ನಿಮ್ಮ ಅತ್ತೆ, ನೀವು ಸೇರಿ ಅರವತ್ತು ವರ್ಷ ಮಾಡಿದೀರಿ. ಕಾನೂನಿನಲ್ಲಿ ನಿಮ್ಮಂಥವರಿಗೆ ಒಂದು ಜಾಗ ಇದೆ."

ಆಮೇಲೆ ಅವರು ವಿವರಿಸಿದರು. ದೇಶದ ಸಂಸತ್ತು 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ ಮಾಡಿದೆ. ಕಂಪನಿಗಳು ಹೊಸ ತಳಿ ನೋಂದಾಯಿಸುವ ಹಾಗೆಯೇ ರೈತರೂ ತಾವು ಕಾಪಾಡಿದ ತಳಿಯನ್ನು ತಮ್ಮ ಹೆಸರಿಗೋ ಊರಿನ ಹೆಸರಿಗೋ ನೋಂದಾಯಿಸಬಹುದು. ರೈತರಿಗೆ ಅದಕ್ಕೆ ಶುಲ್ಕವಿಲ್ಲ. ಅರ್ಜಿಯ ಜೊತೆ ಇದು ಇವರದೇ ತಳಿ ಅಂತ ದೃಢೀಕರಣ ಬೇಕು. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರುತ್ತದೆ, ಅವರು ಕೊಟ್ಟರೂ ನಡೆಯುತ್ತದೆ. ಆಮೇಲೆ ಬೀಜದ ಮಾದರಿ ಕಳಿಸಬೇಕು, ಅದನ್ನು ಬೆಳೆದು ಪರೀಕ್ಷೆ ಮಾಡುತ್ತಾರೆ. ಸಮಯ ಹಿಡಿಯುತ್ತದೆ, ಆದರೆ ಆಗುತ್ತದೆ.

ಸುವರ್ಣಮ್ಮ ಎಲ್ಲ ಕೇಳಿದಳು. ಆದರೆ ಅವಳಿಗೆ ಬೇಕಾಗಿದ್ದ ಉತ್ತರ ಬೇರೆ. ನಾನು ಪೀರಣ್ಣನಿಗೆ ಒಂದು ಬುಟ್ಟಿ ಬೀಜ ಕೊಟ್ಟರೆ ಜೈಲಿಗೆ ಹೋಗುತ್ತೇನಾ, ಇಲ್ಲವಾ? ಅದನ್ನು ವಕೀಲರ ಹತ್ತಿರವೇ ಕೇಳಿ ಗಟ್ಟಿ ಮಾಡಿಕೊಳ್ಳಿ ಅಂತ ಹೇಳಿ, ಮೇಡಂ ಬಳ್ಳಾರಿಯ ಕಾನೂನು ಸೇವೆಗಳ ಪ್ರಾಧಿಕಾರದ ದಾರಿ ತೋರಿಸಿದರು.

ಗುರುವಾರ ಇಬ್ಬರೂ ಬಳ್ಳಾರಿಗೆ. ಕೋರ್ಟಿನ ಆವರಣ ಕಂಡಾಗ ಸುವರ್ಣಮ್ಮ ತಬಸ್ಸುಮ್‌ಳ ಕೈ ಹಿಡಿದುಕೊಂಡಳು. ಗಂಡ ಹೇಳಿದ ಮೆಟ್ಟಿಲುಗಳು ಇವೇ ಇರಬೇಕು ಅಂದುಕೊಂಡಳು. ಒಳಗೆ ದಾಕ್ಷಾಯಣಿ ಅನ್ನುವ ವಕೀಲರು ಕೂತಿದ್ದರು. ನಲವತ್ತರ ಆಚೀಚೆ ವಯಸ್ಸು, ಕನ್ನಡಕ, ಮಾತಿನಲ್ಲಿ ಕುರುಗೋಡಿನ ಸೊಗಡು. ಸುವರ್ಣಮ್ಮ ಮೊದಲು ಕೇಳಿದ್ದೇ ನಿಮ್ಮ ಫೀಸು ಎಷ್ಟು ಅಂತ. ದಾಕ್ಷಾಯಣಿ ನಕ್ಕರು. ಕಾನೂನು ಸೇವೆಗಳ ಕಾಯ್ದೆ ಅಂತ ಇನ್ನೊಂದು ಇದೆ, ಅದರ ಪ್ರಕಾರ ಹೆಣ್ಣುಮಕ್ಕಳಿಗೆ ಇಲ್ಲಿ ವಕೀಲರ ನೆರವು ಪುಕ್ಕಟೆ, ನಿಮ್ಮ ಆದಾಯ ಎಷ್ಟು ಅಂತಲೂ ಕೇಳುವುದಿಲ್ಲ ಅಂದರು. ಕಾಗದ ಓದಿದರು. ನಂತರ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಒಂದು ಪುಟದ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡ್ರಿ, ಇದು ಮೂವತ್ತೊಂಬತ್ತನೇ ಕಲಂ. ರೈತ ತಾನು ಬೆಳೆದ ಬೀಜ ಇಟ್ಕೋಬೌದು, ಬಿತ್ತಬೌದು, ಮತ್ತ ಬಿತ್ತಬೌದು, ಅದಲಿ ಬದಲಿ ಮಾಡ್ಕೋಬೌದು, ಹಂಚಬೌದು, ಮಾರಬೌದು. ನಾಳೆ ಕಂಪನಿಯೋರು ತಮ್ಮ ತಳಿ ನೋಂದಣಿ ಮಾಡಿಸಿದ್ರೂ ರೈತನ ಈ ಹಕ್ಕು ಹೋಗಂಗಿಲ್ಲ. ಒಂದೇ ಒಂದು ಮಾಡಂಗಿಲ್ಲ. ಹಂಗ ನೋಂದಣಿ ಆದ ತಳಿ ಬೀಜನ ಬ್ರ್ಯಾಂಡ್ ಹಾಕಿ, ಪಾಕೀಟು ಮಾಡಿ ಮಾರಂಗಿಲ್ಲ."

"ನಾನು ಬುಟ್ಟಿಯಾಗ ಕೊಡ್ತೀನ್ರಿ" ಅಂದಳು ಸುವರ್ಣಮ್ಮ.

"ಬುಟ್ಟಿಯಾಗ ಧಾರಾಳ ಕೊಡ್ರಿ."

ಯಾವ ಕಾನೂನಿನ ಹೆಸರು ಹೇಳಿ ತನ್ನನ್ನು ಹೆದರಿಸಿದ್ದರೋ ಅದೇ ಕಾನೂನಿನಲ್ಲಿ ತನ್ನ ಬುಟ್ಟಿಗೂ ಜಾಗ ಇದೆ ಅನ್ನುವುದು ಆಕೆಗೆ ನಂಬಲಿಕ್ಕೇ ಆಗಲಿಲ್ಲ. ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡಳು. ದಾಕ್ಷಾಯಣಿ ಅಲ್ಲೇ ಕೂತು ಅಂಗಡಿಯವರಿಗೆ ಒಂದು ಉತ್ತರ ಬರೆದರು. ತಳಿ ನಿಮ್ಮದಾದರೆ ನೋಂದಣಿ ಸಂಖ್ಯೆ ತೋರಿಸಿ, ಇಲ್ಲದಿದ್ದರೆ ರೈತರನ್ನು ಹೆದರಿಸುವುದು ನಿಲ್ಲಿಸಿ ಅಂತ. ಅದರ ಒಂದು ಪ್ರತಿಯನ್ನು ಸುವರ್ಣಮ್ಮನ ಕೈಗೂ ಕೊಟ್ಟರು.

ಬಸ್ಸಿಳಿದವಳು ಮನೆಗೆ ಹೋಗಿ ಕೈಕಾಲು ತೊಳೆಯಲಿಲ್ಲ. ಗುಮ್ಮಿಯ ಬಾಯಿ ಒಡೆದು, ಬುಟ್ಟಿ ತುಂಬಿಕೊಂಡು ನೇರ ಪೀರಸಾಬ್‌ನ ಅಂಗಳಕ್ಕೆ ಹೋದಳು. ಅವನು ಎತ್ತಿಗೆ ಮೇವು ಹಾಕುತ್ತಿದ್ದ. ಆಕೆ ಬುಟ್ಟಿ ಇಳಿಸಿ, ಮೊನ್ನೆ ಸುಳ್ಳು ಹೇಳಿದೆ, ಅಂಜಿ ಹೇಳಿದೆ, ಮನಸಿನಲ್ಲಿ ಇಟ್ಟುಕೋಬೇಡ ಅಂದಳು. ಪೀರಸಾಬ್ ಭತ್ತದಲ್ಲಿ ಕೈಯಾಡಿಸಿ, "ನೀ ಸುಳ್ಳು ಹೇಳಾಕತ್ತಿದ್ದು ನಂಗ ಅವತ್ತ ಗೊತ್ತಾತು. ನಿಂಗ ಸುಳ್ಳು ಹೇಳಾಕ ಬರಂಗಿಲ್ಲವಾ" ಅಂದ. ಆಮೇಲೆ ಚಹಾಕ್ಕೆ ಇಡು ಅಂತ ಸೊಸೆಗೆ ಕೂಗಿ ಹೇಳಿದ.

ಕೊಟ್ರಬಸಪ್ಪ ಶುಕ್ರವಾರದ ಟ್ರ್ಯಾಕ್ಟರನ್ನು ಬೇಡ ಅಂದ. ಆದರೆ ನಂಬಿಕೆ ಬಂದು ಅಂದದ್ದಲ್ಲ. ಹೆಂಡತಿಯ ಮುಖ ನೋಡಿ ಅಂದದ್ದು.

ಹದಿನೈದು ದಿನದ ಮೇಲೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿಯ ಸಭೆ ಕರೆದರು. ಅಂಥದ್ದೊಂದು ಸಮಿತಿ ಇದೆ ಅನ್ನುವುದು ಅದರ ಇಬ್ಬರು ಸದಸ್ಯರಿಗೇ ಮರೆತುಹೋಗಿತ್ತು. ತಬಸ್ಸುಮ್ ಮನೆಮನೆಗೆ ಹೋಗಿ ನೆನಪಿಸಿ ಕರೆದುಕೊಂಡು ಬಂದಿದ್ದಳು. ವಕೀಲರ ಪತ್ರಕ್ಕೆ ಅಂಗಡಿಯಿಂದ ಉತ್ತರವೇ ಬಂದಿರಲಿಲ್ಲ. ಆದರೆ ಸಭೆಗೆ ಹಂಪೇಶ್ ಬಂದ. ಮಾಲೀಕರು ಕಳಿಸಿದ್ದಾರೆ, ಈ ತಳಿ ನಿಮ್ಮ ಊರಲ್ಲೇ ಹುಟ್ಟಿತು ಅನ್ನುವುದಕ್ಕೆ ಏನು ದಾಖಲೆ ಇದೆ ಕೇಳಿಕೊಂಡು ಬಾ ಅಂದಿದ್ದಾರೆ ಅಂದ. ಎರ್ರಮ್ಮ ಏನನ್ನೂ ಬರೆದಿಟ್ಟಿರಲಿಲ್ಲ. ಆಕೆಗೆ ಬರೆಯಲು ಬರುತ್ತಲೇ ಇರಲಿಲ್ಲ.

ಆಗ ಹಿಂದಿನ ಸಾಲಿನಿಂದ ಕೊಟ್ರಬಸಪ್ಪ ಎದ್ದ. ಕೇಳಿಕೊಂಡು ಹೋಗೋಣ ಅಂತಷ್ಟೇ ಬಂದು ಕೂತವನು ಅವನು.

"ದಾಖಲೆ ನಾನ ಅದೀನಿ. ನಮ್ಮವ್ವ ಸವಳು ಹೊಲದಾಗ ತೆನಿ ಆರಿಸೋವಾಗ ನಾನು ಆಕಿ ಸೀರಿ ಸೆರಗು ಹಿಡಕೊಂಡು ಹಿಂದ ನಡೀತಿದ್ದೆ. ಬುಡ ಬೆಳ್ಳಗಿದ್ದ ತೆನಿ ಕಿತ್ತುಕೊಟ್ರ ತಲಿ ಮ್ಯಾಲ ಮೊಟಕತಿದ್ಲು. ಬುಡ ಕೆಂಪು ಇರಬೇಕು ಅಂತ ಕಲಿಸಿದಾಕಿ ನಮ್ಮವ್ವ. ಹಂಪೇಶ್, ನಿಮ್ಮ ಸಾಹುಕಾರ್ರಿಗೆ ಇದು ಗೊತ್ತೈತೇನು ಕೇಳಪಾ."

ಹಂಪೇಶ್ ತಲೆ ತಗ್ಗಿಸಿದ. ಕೊಟ್ರಬಸಪ್ಪನ ಹಿಂದೆಯೇ ಊರಿನ ಆರೇಳು ಮಂದಿ ಹಿರಿಯರು ಎದ್ದು, ತಾವು ಯಾವ ವರ್ಷದಿಂದ ಈ ಭತ್ತ ಬೆಳೆಯುತ್ತಿದ್ದೇವೆ ಅಂತ ಒಬ್ಬೊಬ್ಬರಾಗಿ ಹೇಳಿದರು. ಕಾರ್ಯದರ್ಶಿ ಎಲ್ಲವನ್ನೂ ಬರೆದುಕೊಂಡು ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಹೇಳಿದ ಮಾತು ಹಾಳೆಗೆ ಇಳಿದು ದಾಖಲೆಯಾಗುವುದನ್ನು ಕೊಟ್ರಬಸಪ್ಪ ಕಣ್ಣು ಕೀಲಿಸಿ ನೋಡುತ್ತಾ ಕೂತ.

ಅರ್ಜಿ ಯಾರ ಹೆಸರಿನಲ್ಲಿ ಅನ್ನುವ ಪ್ರಶ್ನೆ ಬಂತು. ಸುವರ್ಣಮ್ಮನ ಹೆಸರಿನಲ್ಲೇ ಆಗಲಿ ಅಂತ ಎಲ್ಲರೂ ಅಂದರು. ಸುವರ್ಣಮ್ಮ ಒಪ್ಪಲಿಲ್ಲ. ತುಂಗಭದ್ರೆ ಉಕ್ಕಿ ಬಂದ ವರ್ಷ ತಮ್ಮ ಗುಮ್ಮಿಯ ಬೀಜವೆಲ್ಲ ನೀರಲ್ಲಿ ಕೊಳೆತುಹೋಗಿತ್ತು, ಆಗ ಪೀರಣ್ಣ ತನ್ನ ಅಟ್ಟದ ಮೇಲಿಟ್ಟಿದ್ದ ಎರಡು ಚೀಲ ತಂದು ಕೊಡದಿದ್ದರೆ ಇವತ್ತು ಮೀಸಿನೆಲ್ಲೇ ಇರುತ್ತಿರಲಿಲ್ಲ ಅಂದಳು. ಹಂಚಿದ್ದಕ್ಕೇ ಇದು ಉಳಿದದ್ದು, ಹಾಗಾಗಿ ಊರಿನ ಹೆಸರೇ ಇರಲಿ ಅಂದಳು. ಅರ್ಜಿ ತಗ್ಗಿನಹಾಳಿನ ರೈತ ಸಮುದಾಯದ ಹೆಸರಿಗೆ ಹೋಯಿತು.

ಆಮೇಲಿನದು ತಾಳ್ಮೆಯ ಕೆಲಸ. ಒಂದು ಸಲ ದೆಹಲಿಯಿಂದ ಅರ್ಜಿಯಲ್ಲಿ ತಿದ್ದುಪಡಿ ಕೇಳಿ ಪತ್ರ ಬಂತು. ಒಂದು ಸಲ ಕಳಿಸಿದ ಬೀಜ ಸಾಲದು ಅಂತ ಬಂತು. ಪ್ರತಿ ಸಲವೂ ತಬಸ್ಸುಮ್ ಸಿರುಗುಪ್ಪಕ್ಕೆ ಓಡಿದಳು, ಸಂಶೋಧನಾ ಕೇಂದ್ರದ ಮೇಡಂ ಕೈ ಹಿಡಿದು ದಾಟಿಸಿದರು. ಮೀಸಿನೆಲ್ಲನ್ನು ಬೇರೆ ಕಡೆ ಬೆಳೆದು ಪರೀಕ್ಷೆ ಮಾಡಿದರು. ಎರಡು ವರ್ಷ ಕಳೆದು, ಮೂರನೆಯ ಸುಗ್ಗಿಯ ಹೊತ್ತಿಗೆ ಅಂಚೆಯವನು ದಪ್ಪನೆಯ ಲಕೋಟೆ ತಂದ. ಒಳಗೆ ನೋಂದಣಿ ಪ್ರಮಾಣಪತ್ರ. ತಳಿಯ ಹೆಸರು ಮೀಸಿನೆಲ್ಲು. ಅಷ್ಟರಲ್ಲಿ ಅರಗಿಣಿಯ ಪಾಕೀಟುಗಳು ಕುರುಗೋಡಿನ ಪೇಟೆಯಿಂದ ತಾವಾಗಿಯೇ ಮಾಯವಾಗಿದ್ದವು.

ಒಂದು ದಿನ ಹಂಪೇಶ್ ಬೈಕಿನಲ್ಲಿ ಬಂದು ಕಟ್ಟೆಯ ತುದಿಯಲ್ಲಿ ಕೂತ. ಅವನು ಮೊದಲು ಹೇಳಿದ್ದು ಅಂಗಡಿಯ ಮಾತಲ್ಲ. "ಅಮ್ಮಾ, ನಿಮ್ಮ ಮನಿ ರೊಟ್ಟಿ ಉಂಡು ನಿಮ್ಮನ್ನ ಅಂಜಿಸಿದೆ. ಆವತ್ತಿಂದ ಮನಸಿಗೆ ಸಮಾಧಾನ ಇಲ್ರಿ" ಅಂದ. ಸುವರ್ಣಮ್ಮ ಒಳಗೆ ಹೋಗಿ ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ತಂದು ಅವನ ಮುಂದಿಟ್ಟಳು. ಮೊದಲು ತಿನ್ನು, ಆಮೇಲೆ ಬಂದ ಕೆಲಸ ಹೇಳು ಅಂದಳು. ಮಾಲೀಕರು ಈಗ ಊರಿನ ಒಪ್ಪಿಗೆ ಪಡೆದು ಬೀಜ ಮಾರಬೇಕು ಅಂತಿದ್ದಾರೆ, ಸವಳು ನೆಲದ ರೈತರು ಸುತ್ತಮುತ್ತ ತುಂಬ ಇದ್ದಾರೆ, ಅವರಿಗೂ ಬೇಕು ಅಂತ ಅವನು ಹೇಳಿದ.

ಊರವರು ಕೂತು ಮಾತಾಡಿದರು. ದಾಕ್ಷಾಯಣಿ ಕರಾರು ಬರೆದುಕೊಟ್ಟರು. ಪಾಕೀಟಿನ ಮೇಲೆ ಮೀಸಿನೆಲ್ಲು ಅನ್ನುವ ಹೆಸರೇ ಇರಬೇಕು, ಕೆಳಗೆ ತಗ್ಗಿನಹಾಳಿನ ಹೆಸರು ಇರಬೇಕು, ಮಾರಾಟದ ಒಂದು ಪಾಲು ಊರಿಗೆ ಬರಬೇಕು. ಆ ಪಾಲಿನಿಂದ ಪಂಚಾಯಿತಿಯ ಹಳೇ ಕೋಣೆಯೊಂದನ್ನು ದುರಸ್ತಿ ಮಾಡಿಸಿ ಬೀಜದ ಕೋಣೆ ಮಾಡಿದರು. ಅದರ ಬೀಗದ ಕೈ ಸ್ತ್ರೀಶಕ್ತಿ ಸಂಘದವರ ಹತ್ತಿರ ಇದೆ. ಯಾವ ಊರಿನ ರೈತ ಬಂದು ಕೇಳಿದರೂ ಬುಟ್ಟಿಯಲ್ಲಿ ಬೀಜ ಕೊಡುತ್ತಾರೆ.

ಈಗ ಕೊಟ್ರಬಸಪ್ಪನನ್ನು ನೋಡಬೇಕು. ರಶ್ಮಿಯ ಮಾವ ಕುರುಗೋಡಿನಲ್ಲಿ ತಲೆತಲಾಂತರದಿಂದ ಒಂದು ಬಗೆಯ ಮೆಣಸಿನಕಾಯಿ ಬೆಳೆಯುತ್ತಾರೆ. ಕಳೆದ ತಿಂಗಳು ಇವನೇ ಮುಂದೆ ನಿಂತು ಆ ಬೀಗರನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದ. ಅವರು ಅನುಮಾನದಿಂದ, ಕಾನೂನು ನಮ್ಮಂಥವರಿಗೆ ಎಲ್ಲಿ ದಕ್ಕುತ್ತದೆ ಬೀಗರೇ ಅಂದರು. ಕೊಟ್ರಬಸಪ್ಪ ಬಸ್ಸಿನ ಸೀಟಿನಲ್ಲಿ ಅವರ ಕಡೆ ತಿರುಗಿ ಕೂತ.

"ನಾನೂ ಹಂಗ ಅಂತಿದ್ದೆ ಬೀಗರ. ಅದು ನಮ್ಮ ಸಲುವಾಗೂ ಐತಿ. ಆದ್ರ ನಾವು ಕರೀಲಿಲ್ಲ ಅಂದ್ರ ಅದು ಹೆಂಗ ಬರ್ತೈತಿ?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದುತ್ತಿರುವ ಅಥವಾ ಓದಿಸಿ ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮನೆಯ ಗಡಿಗೆಯಲ್ಲೋ ಚೀಲದಲ್ಲೋ ಹಿರಿಯರು ಬಿಟ್ಟುಹೋದ ಜೋಳ, ನವಣೆ, ಬದನೆ, ಮೆಣಸಿನ ಬೀಜ ಇರಬಹುದು. ಅದನ್ನು ಕಾಪಾಡಿಕೊಂಡು ಬಂದದ್ದು ಸಣ್ಣ ಕೆಲಸವಲ್ಲ, ನಮ್ಮ ದೇಶದ ಕಾನೂನು ಅದನ್ನು ಗುರುತಿಸುತ್ತದೆ. ಆ ಬೀಜದ ಕಥೆ ಗೊತ್ತಿರುವ ಹಿರಿಯರ ಹತ್ತಿರ ಕೂತು ಇವತ್ತೇ ಬರೆದಿಟ್ಟುಕೊಳ್ಳಿ. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಲ್ಲಿದೆ ಅಂತ ಕೇಳಿ. ನೋಂದಣಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ಸಂಶೋಧನಾ ಕೇಂದ್ರದಲ್ಲೋ ದಾರಿ ಕೇಳಿ, ರೈತರಿಗೆ ಅದಕ್ಕೆ ಶುಲ್ಕವಿಲ್ಲ. ಬೀಜವೇ ಇರಲಿ, ಬೇರೆ ಯಾವುದೇ ವಿಷಯವಿರಲಿ, ಯಾರಾದರೂ ಒಂದು ಕಾಗದ ತೋರಿಸಿ ಕಾನೂನಿನ ಹೆಸರಲ್ಲಿ ಹೆದರಿಸಿದರೆ ಹೆದರಿ ಇದ್ದುದನ್ನು ಕಳೆದುಕೊಳ್ಳಬೇಡಿ. ಆ ಕಾಗದ ಹಿಡಿದುಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಉಚಿತ ಸಹಾಯವಾಣಿ 15100ಕ್ಕೆ ಫೋನು ಮಾಡಿ.

ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಳ್ಳಿ. ಆದರೆ ಹೋಗಿ, ಕೇಳಿ. ಕೇಳುವುದು ನಿಮ್ಮ ಹಕ್ಕು.